ಹಗ್ಗದ ಕಡೆ ಕೂತವಳು

ಬಸವಾಪಟ್ಟಣದ ಬುಡನ್‌ಸಾಬ್ ಕಡೆದ ಬಣ್ಣದ ತೊಟ್ಟಿಲುಗಳು ಜಗಳೂರಿನ ತನಕ ಹೋಗಿದ್ದವು. ಬೀಸುವ ಕಲ್ಲಿನ ಗೂಟದಿಂದ ಹಿಡಿದು ಮಕ್ಕಳ ಬುಗುರಿಯವರೆಗೆ, ಆ ಸೀಮೆಯಲ್ಲಿ ಮರದ್ದು ದುಂಡಗೆ ಏನಿದ್ದರೂ ಅದು ಅವನ ಕೈಯದೇ. ಅವನ ಮಗ ಇಮಾಮ್‌ಸಾಬ್ ಮರ ಕಡೆಯುವ ತಿರುಗಣಿಯನ್ನು ಗಾಡಿಗೆ ಹೇರಿಕೊಂಡು ಚನ್ನಗಿರಿಗೆ ಬಂದು ನೆಲೆ ನಿಂತ. ಕೆಲಸವೇ ಸಿಗದ ಒಂದು ವರ್ಷ ಹಿತ್ತಲ ಬೇವನ್ನು ಕಡಿದು, ಲಟ್ಟಣಿಗೆ ಮಾಡಿ, ಮನೆಮನೆಗೆ ಮಾರಿ ಹೊಟ್ಟೆ ಹೊರೆದ. ತಿರುಗಣಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಆ ಇಮಾಮ್‌ಸಾಬನ ಒಬ್ಬಳೇ ಮಗಳು ತಾಜ್‌ಬೀ. ಗಂಡುಮಕ್ಕಳಿಲ್ಲದ ಇಮಾಮ್‌ಸಾಬ್ ತನ್ನ ಹತ್ತಿರ ಕೆಲಸ ಕಲಿತ ಅಲ್ಲಾಬಕ್ಷನಿಗೇ ಮಗಳನ್ನು ಕೊಟ್ಟು ಮನೆಯಲ್ಲಿಟ್ಟುಕೊಂಡ.

ತಿರುಗಣಿ ಎಂದರೆ ಮಹಾ ಯಂತ್ರವೇನಲ್ಲ. ಎದುರುಬದುರು ಎರಡು ಕುಳ್ಳ ದಿಮ್ಮಿ, ಒಂದೊಂದಕ್ಕೂ ಒಂದು ಕಬ್ಬಿಣದ ಮೊನೆ. ಮೊನೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಿ, ಒಬ್ಬರು ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ಎದುರಿಗೆ ಕೂತವರು ತಿರುಗುವ ಮರಕ್ಕೆ ಉಳಿ ಕೊಡಬೇಕು. ಉಳಿ ಗಂಡಸಿನದು, ಹಗ್ಗ ಹೆಂಗಸಿನದು. ತಾಜ್‌ಬೀ ಲಂಗ ಉಡುವ ವಯಸ್ಸಿನಿಂದ ಅಪ್ಪನಿಗೆ ಹಗ್ಗ ಎಳೆದಳು, ಅಪ್ಪ ತೀರಿಕೊಂಡ ಮೇಲೆ ಗಂಡನಿಗೆ ಎಳೆದಳು. ಅವಳ ಅಂಗೈ ಎಮ್ಮೆಯ ಗೊರಸಿನ ಹಾಗೆ ಗಟ್ಟಿಯಾಗಿತ್ತು.

ಜರ್ಮನಿಯ ಯುದ್ಧ ನಡೆದಿತ್ತು. ಸೀಮೆಎಣ್ಣೆಗೂ ಪರದಾಟ, ಮರಕ್ಕೆ ಬಳಿಯುವ ಕೆಂಪು ಅರಗಿಗೂ ಪರದಾಟ. ಅಂಥದರಲ್ಲಿ ತ್ಯಾವಣಿಗೆಯ ಹಾಲೇಶಪ್ಪ ಗೌಡರು ಹೊನ್ನೆ ಮರದ ಮಂಚಕ್ಕೆ ಹೇಳಿದರು. ಚೌಕಟ್ಟು ಆಯಿತು. ಕಾಲುಗಳಿಗೆ ಮೇಲೆ ಬಿಂದಿಗೆಯಂಥ ಉಬ್ಬು, ಅದರ ಕೆಳಗೆ ಬಳೆ ಬಳೆ, ಆಮೇಲೆ ಸಣ್ಣ ಕೊರಳು. ಮೂರು ಕಾಲು ಅರಗು ಹೊದ್ದು ಹೊಳೆಯುತ್ತ ನಿಂತವು. ನಾಲ್ಕನೆಯದು ತಿರುಗುವಾಗಲೇ ಸೀಳು ಬಿಟ್ಟಿತು. ಬೇರೆ ಮರ ತರಲು ನ್ಯಾಮತಿಗೆ ಹೋದ ಅಲ್ಲಾಬಕ್ಷ್ ಬರುವಾಗ ಗಾಡಿ ಮಗುಚಿ ಬಲಭುಜ ಮುರಿದುಕೊಂಡ. ಮರ ಮಾತ್ರ ನೆಟ್ಟಗೆ ಮನೆ ಸೇರಿತು, ಎರಡು ಕಾಲಿಗಾಗುವಷ್ಟು. ನಾಟಿವೈದ್ಯ ಮೂಳೆ ಕೂಡಿಸಿ ಕಟ್ಟಿದ. ಕೈ ಎದೆಯ ಮಟ್ಟಕ್ಕೂ ಏಳದಾಯಿತು.

ಹೊನ್ನಾಳಿಯಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದ ಅಲ್ಲಾಬಕ್ಷನ ತಮ್ಮ ರಸೂಲ್ ಸುದ್ದಿ ಕೇಳಿ ಓಡಿಬಂದ. ಅವನೂ ಇಮಾಮ್‌ಸಾಬನ ಕೈಯಲ್ಲೇ ಕಲಿತವನು.

"ಭಾಬಿ, ಆ ಒಂದು ಕಾಲು ನಾನು ಕಡ್ಕೊಡ್ತೀನಿ. ಅಣ್ಣನ ಕೈ ಇನ್ನು ಉಳಿ ಹಿಡಿಯೋ ಹಂಗಿಲ್ಲ. ತಿರುಗಣೀನೂ ಹೊನ್ನಾಳಿಗೆ ಒಯ್ತೀನಿ. ಇಲ್ಲಿ ತುಕ್ಕು ಹಿಡ್ದು ಏನು ಮಾಡ್ತೈತೆ? ನಿಮ್ಮಿಬ್ಬರ ಊಟ-ಬಟ್ಟೆ ನನ್ನ ಮ್ಯಾಗಿರಲಿ."

ಅವನು ಕೆಟ್ಟದ್ದಕ್ಕೆ ಹೇಳಿರಲಿಲ್ಲ. ಅದೇ ತಾಜ್‌ಬೀಗೆ ಹೆಚ್ಚು ಉರಿದದ್ದು.

"ಮಂಚ ಮುಗಿಯೋವರೆಗೂ ತಿರುಗಣಿ ಎಲ್ಲಿಗೂ ಹೋಗಲ್ಲ," ಎಂದಳು.

"ಮುಗಿಸೋರು ಯಾರು?"

"ನಾನು."

ರಸೂಲ್ ನಗಲಿಲ್ಲ. "ಮುಂದಿನ ಸಂತೆ ದಿನ ಬರ್ತೀನಿ. ಆಗಿರಲಿಲ್ಲ ಅಂದ್ರೆ ಗಾಡಿ ತರ್ತೀನಿ," ಎಂದು ಹೇಳಿ ಹೋದ. ಗೌಡರೂ ಅದೇ ಸಂತೆಗೆ ಮಂಚ ಒಯ್ಯಲು ಬರುವವರಿದ್ದರು.

ಹಗ್ಗಕ್ಕೆ ಪಕ್ಕದ ಮನೆಯ ತಿಪ್ಪಮ್ಮ ಬಂದು ಕೂತಳು. ಮನೆಯಲ್ಲಿ ನಾಲ್ಕು ಎಮ್ಮೆ ಕಟ್ಟಿಕೊಂಡು ದಿನಾ ಮಜ್ಜಿಗೆ ಕಡೆಯುವ ಹೆಂಗಸು.

"ನೀನೂ ಕಡೆಯೋಳು, ನಾನೂ ಕಡೆಯೋಳು. ಇದರಾಗೆ ಬೆಣ್ಣೆ ಬಂದ್ರೆ ನನಗರ್ಧ ಕೊಡಬೇಕು ನೋಡು ಬೂಬಮ್ಮ," ಎಂದು ತಾಜ್‌ಬೀಯನ್ನು ಊರವರು ಕರೆಯುವ ಹಾಗೆಯೇ ಕರೆದು ಹಗ್ಗ ಹಿಡಿದಳು.

ತಾಜ್‌ಬೀ ಉಳಿ ಕೊಟ್ಟಳು. ಉಳಿ ಕಿರುಚಿತು, ಹಾರಿತು, ಮತ್ತೆ ಕಚ್ಚಿತು. ಅಪ್ಪನ ಕೈ, ಗಂಡನ ಕೈ ಎಷ್ಟು ಸಲ ನೋಡಿದ್ದಳೋ. ನೋಡಿದ್ದು ಯಾವುದೂ ಈಗ ಕೈಗೆ ಬರಲೊಲ್ಲದು. ಜಗಲಿಯ ಮೇಲೆ ಒರಗಿದ್ದ ಅಲ್ಲಾಬಕ್ಷ್ ಮುಲುಗುವುದನ್ನು ಬಿಟ್ಟು ಕೂಗಾಡಲು ಶುರುಮಾಡಿದ.

"ಮ್ಯಾಲೆತ್ತು! ಅಯ್ಯೋ, ಅಷ್ಟು ಮ್ಯಾಲಲ್ಲ! ಮರ ಕಡಿತೀಯೋ, ಕುರಿ ಕೊಯ್ತೀಯೋ?"

"ಸುಮ್ಕಿರ್ರಿ. ಬಾಯಿ ಮುರಿದಿಲ್ಲ ಅಂತ ಗೊತ್ತೈತೆ ನನಗೆ."

ಬಿಂದಿಗೆ ಹೇಗೋ ಮೂಡಿತು. ಬಳೆಗಳೂ ಬಂದವು. ಕೊರಳಿಗೆ ಇಳಿದಾಗ ಉಳಿ ಎಷ್ಟು ಒಳಗೆ ಹೋಯಿತೆಂಬುದೇ ತಿಳಿಯಲಿಲ್ಲ. ಚಟ್ಟೆಂದಿತು. ಕಾಲು ಎರಡು ತುಂಡಾಗಿ ಬಿತ್ತು. ತಾಜ್‌ಬೀ ಉಳಿಯನ್ನು ಗೋಡೆಗೆ ಬೀಸಿ ಒಗೆದಳು. ಮಣ್ಣಿನ ಗೋಡೆಯ ಹಕ್ಕಳೆ ಉದುರಿತು.

"ನನಗೆ ಮೊದ್ಲೇ ಅನಿಸ್ತು ಬಿಡು," ಎಂದಳು ತಿಪ್ಪಮ್ಮ, ಬೆವರು ಒರೆಸುತ್ತ. "ಬೆಣ್ಣೆ ಕೂಡೋ ಹೊತ್ತಿನಾಗೆ ಆಗ್ತೈತಲ್ಲ, ಹಂಗೆ ಹಗ್ಗ ಭಾರ ಆತು."

"ಭಾರ ಆತಾ? ಮತ್ತೆ ಬಾಯಿ ಬಿಡಾಕೆ ಏನಾಗಿತ್ತೇ ನಿನಗೆ?"

"ನೀನು ಕೇಳಿದ್ಯೇನು? ಎಳಿ ಅಂದೆ, ಎಳೆದೆ."

ಬೈಯಲು ಹೊರಟ ತಾಜ್‌ಬೀ ಬಿದ್ದಿದ್ದ ಹಗ್ಗವನ್ನು ಅಂಗೈಗೆ ಎಳೆದುಕೊಂಡಳು. ಗಂಡ ಉಳಿ ಒತ್ತಿದರೆ ಹಗ್ಗ ಭಾರ, ಸಡಿಲಿಸಿದರೆ ಹಗುರ. ಕೊರಳು ಸಣ್ಣಗಾಗುತ್ತ ಬಂದರೆ ಹಗ್ಗದಲ್ಲಿ ಒಂದು ನಡುಕ. ಇಷ್ಟು ಕಾಲ ಅವಳು ಕೆಲಸವನ್ನು ಕಂಡದ್ದು ಕಣ್ಣಿನಿಂದಲ್ಲ, ಆ ಹಗ್ಗದಿಂದ. "ಸಾಕು ಬಿಡ್ರಿ" ಎಂದು ಅವಳು ಎಷ್ಟೋ ಸಲ ಎಳೆತ ನಿಲ್ಲಿಸಿದ್ದಳು. ಅಲ್ಲಾಬಕ್ಷನೂ ಬೈದುಕೊಂಡೇ ಉಳಿ ತೆಗೆದಿದ್ದ. ಈಗ ಉಳಿ ಹಿಡಿದು ಕೂತರೆ ಹಗ್ಗ ಮತ್ತೊಬ್ಬರ ಕೈಯಲ್ಲಿ. ಅವಳು ಕುರುಡಿಯಾಗಿದ್ದಳು.

ನ್ಯಾಮತಿಯ ಮರದಲ್ಲಿ ಉಳಿದದ್ದು ಇನ್ನೊಂದೇ ತುಂಡು.

"ತಿಪ್ಪಮ್ಮ, ಇನ್ನು ಬಾಯಿ ಮುಚ್ಚಬ್ಯಾಡ. ಹಗ್ಗ ಹೆಂಗೈತೆ, ಹೇಳ್ತಾ ಇರು."

"ನಿಮ್ಮ ಕೆಲಸದ ಮಾತು ನನಗೆ ಬರಲ್ಲವ್ವ."

"ನಿನ್ನ ಮಜ್ಜಿಗೆ ಮಾತಾಗೇ ಹೇಳು."

ಕೇರಿಯವರೆಲ್ಲ ಬಾಗಿಲಿಗೆ ಬಂದು ಕಿವಿಗೊಡುವ ಹಾಗೆ ಆ ಕೆಲಸ ನಡೆಯಿತು. ತಿಪ್ಪಮ್ಮ ಎಳೆಯುತ್ತ ಕೂಗುವಳು: "ಮೊಸರು ಗಟ್ಟಿ ಐತೆ... ಈಗ ಒಡೀತು... ನೀರು, ಬರೀ ನೀರು... ಏ, ಬೆಣ್ಣೆ ಬಂತು, ತೆಗಿ!" ತಾಜ್‌ಬೀ ಉಳಿ ತೆಗೆಯುವಳು. ಅಲ್ಲಾಬಕ್ಷ್ ಜಗಲಿಯಿಂದ, "ನಮ್ಮ ಮಾವನ ತಿರುಗಣಿನ ಮಜ್ಜಿಗೆ ಗಡಿಗೆ ಮಾಡಿಟ್ರಲ್ಲಪ್ಪ!" ಎಂದು ಹಣೆ ಚಚ್ಚಿಕೊಂಡ. ಆದರೂ ಕೊರಳು ಉಳಿಯಿತು. ಕಾಲು ತುಂಡಾಗದೆ ಕೆಳಗಿಳಿಯಿತು.

ಮುಗಿಯಿತೆಂದುಕೊಂಡರೆ ಅರಗಿನ ಕಾಟ ಶುರುವಾಯಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಅದು ಕರಗಿ ಹತ್ತಬೇಕು. ಮೇಲೆ ಕೇದಿಗೆಯ ಒಣಗರಿ ಒತ್ತಿದರೆ ಹೊಳಪು ಏಳಬೇಕು. ಮರ ಇನ್ನೂ ಹಸಿ. ಅರಗು ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ಕೆರೆದು ತೆಗೆದು, ಬಿಸಿಲಿಗಿಟ್ಟು, ಮತ್ತೆ ಹಚ್ಚಿದಳು. ಮತ್ತೆ ಎದ್ದಿತು. ಸಿಕ್ಕ ಅರಗೇ ಚೂರು, ಅದರಲ್ಲಿ ಅರ್ಧ ಹೀಗೆ ಮಣ್ಣುಪಾಲು. ಅನ್ನ ಬೇಯಿಸಲೂ ಮನಸ್ಸಾಗದೆ ಅವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಮೂರನೆಯ ಸಲಕ್ಕೆ ಅರಗು ಕಚ್ಚಿತು, ಹೊಳಪೂ ಬಂತು. ಬಂದ ಹೊಳಪು ಇನ್ನೊಂದನ್ನು ಎತ್ತಿ ತೋರಿಸಿತು: ಬಿಂದಿಗೆಯ ನಡುವಿನ ಸುತ್ತ ಡುಬ್ಬ. ಉಳಿ ಒಳಗೆ ಹೋದೀತೆಂಬ ಹೆದರಿಕೆಯಲ್ಲಿ ಬಿಟ್ಟ ಮರ. ಬಣ್ಣವಿಲ್ಲದಾಗ ಕಾಣದಿದ್ದದ್ದು ಈಗ ಕೆನ್ನೆ ಊದಿದ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ಸಂತೆಯ ದಿನ ಬಂದೇಬಿಟ್ಟಿತು. ಗೌಡರೂ ಬಂದರು, ರಸೂಲನೂ ಬಂದ, ಹೇಳಿದ ಹಾಗೆ ಅವನ ಗಾಡಿಯೂ ಬಾಗಿಲಲ್ಲಿ ನಿಂತಿತು. ಗೌಡರು ನಾಲ್ಕು ಕಾಲನ್ನೂ ಸಾಲಾಗಿ ನಿಲ್ಲಿಸಿ ನೋಡಿದರು.

"ಇದೊಂದು ಯಾಕೆ ಬಸುರಿ ಆಗೈತೆ ಬೂಬಮ್ಮ?"

ತಿಪ್ಪಮ್ಮ ಸೆರಗು ಬಾಯಿಗಿಟ್ಟುಕೊಂಡಳು. ತಾಜ್‌ಬೀ ನಗಲಿಲ್ಲ. ರಸೂಲ್ ಕಾಲನ್ನು ಕೈಗೆತ್ತಿಕೊಂಡು ಬೆರಳಾಡಿಸಿದ. ಅವನ ಮುಖದಲ್ಲಿ ಅಣಕವಿರಲಿಲ್ಲ.

"ಭಾಬಿ, ಇಷ್ಟು ಬರ್ತೈತೆ ಅಂತ ನಾನೂ ಅಂದ್ಕಂಡಿರ್ಲಿಲ್ಲ. ಉಳಿ ಕೊಡು. ಎರಡು ಎಳೆತದಾಗೆ ಡುಬ್ಬ ತೆಗ್ದು ಕೊಡ್ತೀನಿ. ಗೌಡ್ರು ಇವತ್ತೇ ಒಯ್ಲಿ. ಯಾರು ಮಾಡಿದ್ರು ಅಂತ ಮಲಗೋರು ಕೇಳ್ತಾರೇನು?"

ಅವನು ಆಗಲೇ ತಿರುಗಣಿಯ ಮುಂದೆ ಕುಕ್ಕರಿಸಿದ್ದ. ಅಲ್ಲಾಬಕ್ಷ್ ಹೆಂಡತಿಯ ಮುಖ ನೋಡಿದ. ತಾಜ್‌ಬೀ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೌಡರ ಕಡೆ ತಿರುಗಿದಳು.

"ಗೌಡ್ರೆ, ಇನ್ನೊಂದು ಸಂತೆ ತಡಕಳ್ರಿ. ಆಗಲ್ಲ ಅಂದ್ರೆ ಮೂರು ಕಾಲು ಒಯ್ದು ನಾಲ್ಕನೇದಕ್ಕೆ ಕಲ್ಲು ಕೊಟ್ಕಳ್ರಿ, ನಾನು ಬ್ಯಾಡ ಅನ್ನಲ್ಲ." ಆಮೇಲೆ ಮೈದುನನಿಗೆ ಹೇಳಿದಳು: "ಏಳು ರಸೂಲ್. ಬಂದೀಯ, ರೊಟ್ಟಿ ತಿನ್ನು, ನಿಮ್ಮಣ್ಣನ ಹತ್ರ ಕೂತು ಮಾತಾಡು. ಉಳಿ ಮಾತ್ರ ಕೇಳಬ್ಯಾಡ. ಇವತ್ತು ನೀನು ಎರಡು ಎಳೆತ ಕೊಟ್ರೆ ನಾಳೆ ಇದು ನಿನ್ನ ಕಾಲು, ನಾಡಿದ್ದು ನಿನ್ನ ತಿರುಗಣಿ. ಡುಬ್ಬ ಐತೆ, ನನಗೂ ಕಣ್ಣೈತೆ. ಬಿಟ್ಟೋಳು ನಾನು, ತೆಗಿಯೋಳೂ ನಾನೇ."