ರೈಲಿನ ಬಾಗಿಲಲ್ಲಿ ಸಿಕ್ಕಿಕೊಂಡ ಸಮುದ್ರ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಯಲಹಂಕದ ಕೆರೆಯೇ ನಮಗೆ ಗೊತ್ತಿದ್ದ ದೊಡ್ಡ ನೀರು. ಹೊಸದಾಗಿ ಸುಣ್ಣ ಹೊಡೆಸಿದ ನಡುಮನೆಯ ಗೋಡೆಗೆ ಕ್ಯಾಲೆಂಡರ್ ಬೇಡ, ಒಂದು ಒಳ್ಳೆಯ ಚಿತ್ರ ಬೇಕು ಎಂದು ಅಕ್ಕ ಹಟ ಹಿಡಿದಳು. ಅಪ್ಪ ನಮ್ಮಿಬ್ಬರನ್ನೂ ಯಶವಂತಪುರದ ಫ್ರೇಮ್ ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿಯ ತುಂಬ ಮರದ ಹೊಟ್ಟು, ವಾರ್ನಿಷ್ ವಾಸನೆ. ಗಾಜು ಕುಯ್ಯುವ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಅಕ್ಕ ಆರಿಸಿದ್ದು ಸಮುದ್ರದ ಚಿತ್ರ. ದಪ್ಪ ಕಾಗದದ ಮೇಲೆ ಅಚ್ಚಾದ ಹಸಿರು ಅಲೆಗಳು, ದೂರದಲ್ಲಿ ಒಂದು ದೋಣಿ. ಅಪ್ಪ ಕಾಗದದ ಅಂಚನ್ನು ಬೆರಳಿನಿಂದ ಸವರಿ ನೋಡಿ, ತೇಗದ ಕಟ್ಟು ಹಾಕಿಸಿದರು. ನಾನು ಎರಡೂ ಕೈ ಚಾಚಿದರೂ ಆ ಕಡೆಯ ಅಂಚು ಸಿಗುತ್ತಿರಲಿಲ್ಲ.

ವಾಪಸು ಬರುವಾಗ ಪ್ಯಾಸೆಂಜರ್ ರೈಲು ತುಂಬಿಹೋಗಿತ್ತು. ಯಲಹಂಕ ಬಂದಾಗ ಬಾಗಿಲಿಗೆ ಅಡ್ಡವಾಗಿ ಮೂಟೆಗಳು. ಜಾಗ ಮಾಡಿಕೊಳ್ಳುವಷ್ಟರಲ್ಲಿ ಸೀಟಿ ಕೇಳಿಸಿತು. ಅಪ್ಪ ಮೊದಲು ಇಳಿದು ಫ್ರೇಮಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ರೈಲು ಹೊರಟೇಬಿಟ್ಟಿತು.

ಅಪ್ಪ ಫ್ರೇಮು ಹಿಡಿದುಕೊಂಡೇ ಪಕ್ಕದಲ್ಲಿ ಓಡತೊಡಗಿದರು. ಅದು ನನ್ನನ್ನು ಹೊರಗೆಳೆಯುತ್ತಿತ್ತು. ಕೆಳಗೆ ಚಕ್ರಕ್ಕೂ ಪ್ಲಾಟ್‌ಫಾರಂಗೂ ನಡುವೆ ಕಪ್ಪು ಸಂದು.

"ಬಿಡೋ ಮಗಾ, ಬಿಟ್ಬಿಡು," ಅಂದರು ಅಪ್ಪ.

ಬಿಡಬೇಕೆಂದು ನನಗೂ ಗೊತ್ತಿತ್ತು. ಹೆದರಿಕೆಗೆ ಬೆರಳುಗಳು ಬಿಚ್ಚಲೇ ಇಲ್ಲ. ಹಿಂದಿನಿಂದ ಅಕ್ಕ ಒಂದು ಕೈಯಲ್ಲಿ ನನ್ನ ಸೊಂಟ ತಬ್ಬಿ, ಇನ್ನೊಂದರಲ್ಲಿ ಬೆರಳು ಬಿಡಿಸಿ ಒಳಗೆಳೆದಳು. ಗಾಜು ಒಡೆದ ಸದ್ದು ಕೇಳಿತು. ಅಪ್ಪ ಮುಗ್ಗರಿಸಿದ್ದು ಕಂಡಿತು. ಚಕ್ರದ ಕಡೆಗೆ ಬಿದ್ದರೋ, ಈ ಕಡೆಗೋ, ತಿಳಿಯಲಿಲ್ಲ.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಇಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತೆವು. ರೈಲು ಹೋದ ಮೇಲೆ ನೀಲಗಿರಿ ಮರಗಳ ಸುಯ್ ಸದ್ದು ಬಿಟ್ಟರೆ ಏನೂ ಇಲ್ಲ. ಅಪ್ಪ ಬರ್ತಾರಾ ಎಂದು ಕೇಳಿದೆ.

"ಬರ್ತಾರೆ ಕಣೋ," ಅಂದಳು ಅಕ್ಕ. ಅವಳ ಕೈ ತಣ್ಣಗಿತ್ತು. ಆಮೇಲೆ ಅವಳು ಬಂದ ಹಳಿಯ ಕಡೆಗೇ ನೋಡುತ್ತ ಕುಳಿತಳು.

ಹೊತ್ತು ಮುಳುಗುವಾಗ ಯಾರದೋ ಸೈಕಲ್ ತುಳಿದುಕೊಂಡು ಅಪ್ಪ ಬಂದರು. ಪಂಚೆ ಹರಿದಿತ್ತು, ಮಂಡಿಯಲ್ಲಿ ರಕ್ತ. ನಮ್ಮಿಬ್ಬರ ತಲೆಯನ್ನೂ ಎದೆಗೆ ಒತ್ತಿಕೊಂಡರು. ಆಗ ಅಕ್ಕ ಅತ್ತಳು.

ಯಲಹಂಕ ಸ್ಟೇಷನ್ನಿನಲ್ಲೇ ಬಿಟ್ಟು ಬಂದಿದ್ದ ಚಿತ್ರವನ್ನು ಅಪ್ಪ ಮರುದಿನ ಹೋಗಿ ತಂದರು; ಅದಕ್ಕೆ ಏನೂ ಆಗಿರಲಿಲ್ಲ. ಹೊಸ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಬಂದವರೆಲ್ಲ ಅಲೆಗಳನ್ನು ಹೊಗಳುತ್ತಿದ್ದರು. ನನಗೆ ಮಾತ್ರ ಎಷ್ಟೋ ದಿನ ಅಲ್ಲಿ ಆ ಕಪ್ಪು ಸಂದೇ ಕಾಣುತ್ತಿತ್ತು.

ಮೊನ್ನೆ ನೀವು ಮೊಮ್ಮಕ್ಕಳು ಫೋನಿನಲ್ಲೇ ಚಿತ್ರ ಆರಿಸಿದಿರಿ, ಗೋಡೆಯ ಮೇಲೆ ಹೇಗಿರುತ್ತದೆಂದು ಅದರಲ್ಲೇ ನೋಡಿದಿರಿ. ಅದು ಲಿಫ್ಟ್ ಹತ್ತಿ ಬಾಗಿಲಿಗೇ ಬಂತು. ಒಡೆದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, "ವಾಪಸ್ ಕಳ್ಸಿದ್ರೆ ಬೇರೆ ಕೊಡ್ತಾರೆ ತಾತ," ಅಂದಿರಿ. ಒಳ್ಳೆಯದೇ ಆಯಿತು. ಆವತ್ತು ರಾತ್ರಿ ನಾವು ಮನೆ ಸೇರಿದಾಗ ನಮ್ಮ ಅಮ್ಮ ಹೊಸ್ತಿಲಲ್ಲಿ ದೀಪ ಹಿಡಿದು ನಿಂತು, ಮೂರೂ ಮುಖಗಳನ್ನು ಒಂದೊಂದಾಗಿ ನೋಡಿ ಒಳಗೆ ಬಿಟ್ಟುಕೊಂಡಳು. ಚಿತ್ರ ಎಲ್ಲಿ ಎಂದು ಕೇಳಲೇ ಇಲ್ಲ.