ಒಂಬತ್ತು ಹಂಚಿನ ಲೆಕ್ಕ

ದಾನವ್ವನಿಗೆ ಮಂದಿಯನ್ನು ಎಣಿಸುವ ರೂಢಿಯಿಲ್ಲ. ಬೆರಳು ತೋರಿಸಿ ತಲೆ ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ವಿಜಯಪುರದ ಕಡೆಯ ಅವಳ ಅವ್ವ ಹೇಳಿಕೊಟ್ಟಿದ್ದು, ಮುಂಬಯಿಯ ಗೋರೆಗಾಂವಿಗೆ ಬಂದು ಮೂವತ್ತು ವರ್ಷವಾದರೂ ಬಿಟ್ಟುಹೋಗಿಲ್ಲ. ಚಾಳಿನ ಎರಡು ಖೋಲಿಗಳಲ್ಲಿ ಅವಳ ಖಡಕ್ ರೊಟ್ಟಿಯ ಕಾರುಬಾರು. ಕೆಲಸಕ್ಕೆ ಎಷ್ಟು ಹೆಂಗಸರು ಎಂದು ಯಾರಾದರೂ ಕೇಳಿದರೆ ಅವಳು ರೊಟ್ಟಿ ಬೇಯಿಸುವ ಹಂಚು ಎಣಿಸುತ್ತಾಳೆ. ಅದೂ ರಾಶಿ ಅಳೆಯುವವರ ಪದ್ಧತಿಯಂತೆ, ಮೊದಲನೆಯದಕ್ಕೆ ಒಂದು ಅನ್ನದೆ ಲಾಭ ಅನ್ನುತ್ತ. “ಲಾಭ, ಎರಡು, ಮೂರು” ಎಂದು ಹೊರಟು ಒಂಬತ್ತಕ್ಕೆ ನಿಲ್ಲುತ್ತಾಳೆ. ಹಂಚು ಒಂಬತ್ತು, ಮಂದಿ ಒಂಬತ್ತು, ಮುಗಿಯಿತು.

ಮೊದಲು ಒಂದೇ ಹಂಚಿತ್ತು. ಅದರ ಮುಂದೆ ಅವಳೊಬ್ಬಳೇ ಕೂತು ರೊಟ್ಟಿ ಬಡಿಯುತ್ತಿದ್ದಾಗ ಸರಕಾರ ಇತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಈ ವರ್ಷ ಬಾಂದ್ರಾದ ಒಂದು ಆಫೀಸಿನ ಕ್ಯಾಂಟೀನಿನವರು ದಿನಾ ಎಂಟುನೂರು ರೊಟ್ಟಿ ಬೇಕೆಂದರು. ಜೊತೆಗೆ ಒಂದು ಫಾರ್ಮು ಕಳಿಸಿ, ಕೆಲಸಗಾರರು ಎಷ್ಟು, ಹೆಸರೇನು, ಬರೆದುಕೊಡಿ ಎಂದರು. ಅಲ್ಲಿಂದ ತಲೆನೋವು ಶುರುವಾಯಿತು.

ಫಾರ್ಮು ತುಂಬಲು ಬಂದವನು ಪ್ರಶಾಂತ. ಉಡುಪಿಯ ಕಡೆಯವನು, ಹೋಟೆಲುಗಳ ಕಾಗದಪತ್ರ ಮಾಡಿಕೊಟ್ಟು ಹೊಟ್ಟೆ ಹೊರೆಯುವವನು. ಹತ್ತಕ್ಕಿಂತ ಕಡಿಮೆ ಮಂದಿಯಿದ್ದರೆ ಕಾರ್ಮಿಕ ಕಚೇರಿಗೆ ಸುದ್ದಿ ಮುಟ್ಟಿಸಿದರೆ ಸಾಕು ಎಂದ. ಹತ್ತಾದರೆ ಗ್ರಾಚ್ಯುಯಿಟಿ, ಹೆಂಗಸರ ದೂರು ಕೇಳಲು ಸಮಿತಿ, ಹೆರಿಗೆಗೆ ಆರು ತಿಂಗಳು ಸಂಬಳದ ರಜೆ. ಇಪ್ಪತ್ತಾದರೆ ಪಿ.ಎಫ್. ಐವತ್ತಾದರೆ ಕೂಸುಗಳಿಗೆ ಬೇರೆ ಕೋಣೆ. ದಾನವ್ವ ಬಾಗಿ ಫಾರ್ಮನ್ನೇ ನೋಡಿದಳು.

“ಇಲ್ಲಿ ಇರೂದ ಹೆಂಗಸರು. ದೂರು ಹೇಳೂದ ಬಿಟ್ಟು ಬ್ಯಾರೆ ಏನ್ ಮಾಡ್ತಾರ? ಅದಕ್ಕೂ ಸಮಿತಿ ಯಾಕ?” ಎಂದಳು. ಮತ್ತೆ ಕೇಳಿದಳು. “ಅಂದ್ರ ಒಂಬತ್ತು ಮಂದಿ ಇದ್ದಾಗ ಬಸುರಾದ್ರ ಅದು ಬಸುರಲ್ಲ, ಹತ್ತಾದ್ರ ಬಸುರೇನಪಾ?”

“ಹಾಗಲ್ಲ ದಾನಕ್ಕ,” ಎಂದ ಪ್ರಶಾಂತ. ಹೇಗೆ ಎಂದು ಹೇಳಲು ಹೊರಟು, ಅವನೇ ಸಿಕ್ಕಿಬಿದ್ದು, “ಕಾನೂನು ಹಾಗೇ ಉಂಟು,” ಎಂದು ಕೈಚೆಲ್ಲಿದ.

“ನನಗೇನೂ ತಿಳಿವಲ್ದು. ಹಂಚು ಒಂಬತ್ತದಾವ. ಒಂಬತ್ತ ಬರಿ.”

ಆ ಮಾತು ಮೂಲೆಯಲ್ಲಿ ರೊಟ್ಟಿಯ ಪೊಟ್ಟಣ ಕಟ್ಟುತ್ತಿದ್ದ ಶೈಲಾಳ ಕಿವಿಗೆ ಬಿತ್ತು. ಅವಳಿಗೆ ಏಳು ತಿಂಗಳು. ಚೊಚ್ಚಲ ಬಸುರಿ ಬೆಂಕಿಯ ಮುಂದೆ ಕೂರಬಾರದೆಂದು ದಾನವ್ವನೇ ಅವಳನ್ನು ಎಬ್ಬಿಸಿ ಕಟ್ಟುವ ಕೆಲಸಕ್ಕೆ ಹಾಕಿದ್ದಳು. ಅವಳ ಹಂಚಿಗೆ ವೈಶಾಲಿ ಎಂಬ ಹೊಸಬಳು ಬಂದಿದ್ದಳು. ಶೈಲಾಳ ಗಂಡನಿಗೆ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆ ಮನೆಯವರು ನೆಚ್ಚಿಕೊಂಡದ್ದು ಈ ಸಂಬಳವನ್ನೇ.

ಮರುದಿನ ಶೈಲಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ದಾನವ್ವನ ನೆಗೆಣ್ಣಿ ಮಲ್ಲವ್ವ ಒಂದು ಹಂಚಿಗೆ ಕೂರುವವಳು. ಅವಳೇ ಹೋಗಿ ವಿಚಾರಿಸಿಕೊಂಡು ಬಂದಳು.

“ಹಂಚಿಲ್ಲದಾಕಿಗೆ ಲೆಕ್ಕದಾಗ ಜಾಗಾ ಇಲ್ಲಂತ. ಬಾಣಂತನ ಮುಗದ ಮ್ಯಾಲೂ ಬರೂದಿಲ್ಲಂತ. ಅಳಾಕತ್ತಾಳ.”

ದಾನವ್ವ ಕೈಯ ಹಿಟ್ಟು ಕೊಡವಿ ಎದ್ದಳು. ಒಳ್ಳೆಯದಕ್ಕೆಂದು ಎಬ್ಬಿಸಿದ್ದೇ ಹೀಗಾಗಬೇಕೆ? ತಕ್ಷಣ ಪ್ರಶಾಂತನನ್ನು ಕರೆಸಿ, ಹಂಚಿಲ್ಲದವಳು ಲೆಕ್ಕಕ್ಕೆ ಬರುತ್ತಾಳೋ ಎಂದು ಕೇಳಿದಳು.

“ಹಂಚು ಯಾರು ಕೇಳಿದ್ದು ಮಾರಾಯ್ರೆ? ಜನ ಎಷ್ಟು?” ಎಂದವನೇ ಬೆರಳು ಚಾಚಿ ಎಣಿಸತೊಡಗಿದ. ಹೆಂಗಸರೆಲ್ಲ ಸೆರಗು ಎಳೆದುಕೊಂಡರು.

“ನನ್ನ ಬಿಡು. ನಾ ಆಕಿ ನೆಗೆಣ್ಣಿ, ಕೆಲಸದಾಕಿ ಅಲ್ಲ,” ಎಂದಳು ಮಲ್ಲವ್ವ.

“ತಿಂಗಳಿಗೆ ಸಂಬಳ ಉಂಟಾ?”

“ಐತಿ.”

“ಹಾಗಾದ್ರೆ ಲೆಕ್ಕಕ್ಕೂ ಉಂಟು. ಇಲ್ಲಿ ಒಂಬತ್ತು, ಶೈಲಾ ಸೇರಿದರೆ ಹತ್ತು.”

“ಆಕಿ ಬಿಟ್ಟ ಹೋಗ್ಯಾಳಲ್ಲ. ಈಗ ಒಂಬತ್ತ ಆತಲ್ಲ?” ಎಂದಳು ದಾನವ್ವ.

“ಆಗುದಿಲ್ಲ ದಾನಕ್ಕ. ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ದಿನ ಹತ್ತು ಇದ್ದರೂ ಹತ್ತೇ. ನೀವು ಕೆಲಸದವರಿಗೆ ಸರಕಾರಿ ವಿಮೆ ಮಾಡಿಸಲಿಲ್ಲ. ಹಾಗಾಗಿ ಶೈಲಾಳ ಆರು ತಿಂಗಳ ಸಂಬಳ ನೀವೇ ಕೊಡಬೇಕಾದೀತು.”

ದಾನವ್ವ ಅಲ್ಲೇ ಹಿಟ್ಟಿನ ಡಬ್ಬಿಯ ಮೇಲೆ ಕೂತಳು. ಇರುವವರು ಒಂಬತ್ತು, ಹೋದವಳು ಸೇರಿದರೆ ಹತ್ತು. ಹೋದವಳಿಗೇ ರಜೆ, ರಜೆಗೇ ಸಂಬಳ. ಯಾವ ತುದಿ ಹಿಡಿದು ಎಳೆದರೂ ಗಂಟು ಬಿಗಿಯಾಗುತ್ತಿತ್ತು. ಅವಳಿಗೆ ಹೆದರಿಕೆಯೂ ಆಯಿತು. ಬಾಂದ್ರಾದ ಆರ್ಡರಿನಲ್ಲಿ ಉಳಿಯುವುದೆಲ್ಲ ಇದಕ್ಕೇ ಹೋದರೆ?

“ಯಾರರ ಬಂದು ನೋಡ್ತಾರೇನು?” ಎಂದು ಮೆಲ್ಲಗೆ ಕೇಳಿದಳು.

“ನೋಡಲಿಕ್ಕಿಲ್ಲ,” ಎಂದ ಪ್ರಶಾಂತ, ಅವಳ ಮುಖ ನೋಡದೆ. “ಒಂಬತ್ತು ಅಂತ ಪೆನ್ಸಿಲ್ಲಿನಲ್ಲಿ ಬರೆದದ್ದು ಹಾಗೇ ಉಂಟು. ನೀವು ಹೇಳಿದ ಹಾಗೆ.”

ಮಲ್ಲವ್ವನ ಹಂಚಿನ ಮೇಲೆ ಒಂದು ರೊಟ್ಟಿ ಸೀದು ಕರ್ರಗಾಯಿತು. ದಾನವ್ವ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಅರ್ಧ ತಾಸಿಗೆ ಶೈಲಾಳ ಕೈ ಹಿಡಿದುಕೊಂಡು ಬಂದಳು. ಹುಡುಗಿಯ ಕಣ್ಣು ಊದಿಕೊಂಡಿದ್ದವು. ಅವಳನ್ನು ಖೋಲಿಯ ನಡುವೆ ನಿಲ್ಲಿಸಿ ದಾನವ್ವ ತನ್ನ ಜನ್ಮದಲ್ಲಿ ಮೊದಲ ಸಲ ಮನುಷ್ಯರ ಮೇಲೆ ಬೆರಳೆತ್ತಿದಳು. ಆ ಬೆರಳನ್ನು ಶೈಲಾಳ ಭುಜದ ಮೇಲಿಟ್ಟಳು.

“ಲಾಭ. ಬರಿ,” ಎಂದಳು.

“ಲಾಭ ಅಂದ್ರೆ ಎಷ್ಟು ದಾನಕ್ಕ?” ಪ್ರಶಾಂತ ಪೆನ್ನು ಹಿಡಿದು ಪಿಳಿಪಿಳಿ ನೋಡಿದ.

“ಒಂದು. ಮೊದಲನೇದಾಕಿ. ಶೈಲಾ ಅಂತ ಬರಿ. ಮಲ್ಲವ್ವ ಎರಡು. ವೈಶಾಲಿ ಮೂರು...”

ಹೀಗೆ ಒಬ್ಬೊಬ್ಬರನ್ನೇ ಮುಟ್ಟುತ್ತ ಹತ್ತಕ್ಕೆ ನಿಲ್ಲಿಸಿದಳು. ಆ ಸಂಬಳ ಎಲ್ಲಿಂದ ತರಬೇಕು, ಸಮಿತಿಯಲ್ಲಿ ಯಾರನ್ನು ಕೂರಿಸಬೇಕು, ನಾಳೆ ಹನ್ನೊಂದಾದರೆ ಇನ್ನೇನು ಹೊಸದು ಬರುತ್ತದೋ, ಒಂದೂ ಅವಳಿಗೆ ತಿಳಿದಿರಲಿಲ್ಲ. ಪ್ರಶಾಂತ ಮುಂದಿಟ್ಟಲ್ಲಿ ಸಹಿ ಮಾಡಿದಳು. ಆಮೇಲೆ ಕಿಟಕಿಯ ಕೆಳಗಿದ್ದ ಖಾಲಿ ಚೀಲಗಳನ್ನು ಸರಿಸಿ, ಹೆರಿಗೆ ಮುಗಿಸಿ ಬರುವವಳಿಗೆ ಹತ್ತನೆಯ ಹಂಚು ಅಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಗೇಣು ಹಾಕಿ ನೋಡಿದಳು.