ಮಗಳ ಸಹಿ

ನರೆತ ದಪ್ಪ ಜಡೆಯನ್ನು ಬಿಳಿ ಕೋಟಿನ ಕಾಲರಿನೊಳಕ್ಕೆ ತುರುಕಿ, ಕನ್ನಡಕವನ್ನು ನೆತ್ತಿಗೇರಿಸಿ, ಎರಡೂ ಮುಷ್ಟಿಗಳನ್ನು ಮೇಜಿಗೆ ಊರಿ ನಿಂತರೆಂದರೆ ಅಕ್ಕ ಯಾರ ಜೊತೆಗೋ ಜಗಳಕ್ಕೆ ಸಿದ್ಧರಾಗಿದ್ದಾರೆ ಎಂದೇ ಅರ್ಥ. ನೇಪರ್‌ವಿಲ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನಗೆ ಸೀನಿಯರ್, ಧಾರವಾಡದವರು. ಪ್ಲೇನ್‌ಫೀಲ್ಡ್‌ನಲ್ಲಿ ನಮ್ಮ ಬಡಾವಣೆಯಲ್ಲೇ ಅವರ ಮನೆ, ಹಾಗಾಗಿ ದಿನಾ ಅವರ ಕಾರಿನಲ್ಲೇ ನನ್ನ ಓಡಾಟ. ಗಂಡ ಬೇಗ ತೀರಿಕೊಂಡಿದ್ದರು. ಮನೆಯಲ್ಲಿ ಅವರು ಮತ್ತು ಡೌನ್ ಸಿಂಡ್ರೋಮ್ ಇದ್ದ ಮಗಳು, ಇಬ್ಬರೇ.

ಆ ವರ್ಷ ಇನ್ಶೂರೆನ್ಸ್ ಆರಿಸಿಕೊಳ್ಳುವ ಸಮಯದಲ್ಲಿ ಆಸ್ಪತ್ರೆಯವರು ಹೊಸದಾಗಿ ಲೀಗಲ್ ಪ್ಲಾನ್ ಸೇರಿಸಿದ್ದರು. ತಿಂಗಳಿಗಿಷ್ಟು ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಬೇಕಾದಾಗ ವಕೀಲರು ಫೋನಿನಲ್ಲಿ ಸಿಗುತ್ತಾರೆ, ಉಯಿಲು ಮುಂತಾದ ಪತ್ರ ಮಾಡಿಕೊಡುತ್ತಾರೆ. ತೊಗೊಳ್ಳಲೋ ಬೇಡವೋ ಎಂದು ಕಾರಿನಲ್ಲಿ ಕೇಳಿದೆ.

"ವಕೀಲರ ಕಡೆ ನಿನಗೇನ್ ಕೆಲಸ ಐತಿ?"

"ಸದ್ಯಕ್ಕೇನಿಲ್ಲ ಅಕ್ಕಾ. ಆದ್ರೂ ಸೇಫ್ಟಿಗೆ..."

"ಬರೇ ಹೆದರಿಕಿಗೆ ರೊಕ್ಕ ಕಟ್ಟಬ್ಯಾಡ. ನನಗ ಕೆಲಸ ಐತಿ, ನಾ ತಗೋತೀನಿ."

ಮಗಳಿಗೆ ಹದಿನೆಂಟು ತುಂಬಿತ್ತು, ಕಾನೂನಿಗೆ ಈಗ ವಯಸ್ಕಳು. ಅವಳ ಒಪ್ಪಿಗೆ ಪತ್ರವಿಲ್ಲದೆ ಡಾಕ್ಟರ ಆಫೀಸಿನವರು ತಾಯಿಗೆ ಏನೂ ಹೇಳುತ್ತಿರಲಿಲ್ಲ. ಡೆಟ್ರಾಯಿಟ್ ಕಡೆ ಟ್ರಾಯ್‌ನಲ್ಲಿದ್ದ ಅಕ್ಕನ ಮೈದುನ, ಕೋರ್ಟಿಗೆ ಹೋಗಿ ಅವಳ ಪರವಾಗಿ ನಿರ್ಧರಿಸುವ ಗಾರ್ಡಿಯನ್ ಆಗಿಬಿಡಿ ಎಂದು ದುಂಬಾಲು ಬಿದ್ದಿದ್ದರು. ಅಕ್ಕ ಒಪ್ಪಲಿಲ್ಲ.

"ಇಕಿಗೆ ತನ್ನ ಬಗ್ಗೆ ತಾ ಡಿಸೈಡ್ ಮಾಡಾಕ ಬರೂದಿಲ್ಲಂತ ಜಡ್ಜ್ ಮುಂದ ನಾನ ಹೇಳಬೇಕಂತ. ನನ್ನ ಬಾಯಿಲೆ ಆ ಮಾತು ಬರೂದಿಲ್ಲ."

ಪ್ಲಾನ್ ಶುರುವಾದದ್ದೇ ತಡ, ಫೋನ್ ಹಿಡಿದರು. ಮೊದಲ ವಕೀಲರು ಗಾರ್ಡಿಯನ್‌ಶಿಪ್ಪೇ ಸುಲಭ ಎಂದರು; ಕೋರ್ಟಿನಲ್ಲಿ ಯಾರಾದರೂ ತಕರಾರು ತೆಗೆದರೆ ಮಾತ್ರ ಆ ಖರ್ಚು ಪ್ಲಾನಿಗೆ ಸೇರುವುದಿಲ್ಲ ಎಂದೂ ಸೇರಿಸಿ ಅವಸರದಲ್ಲಿ ಫೋನ್ ಇಟ್ಟುಬಿಟ್ಟರು. ಎರಡನೆಯವರದೂ ಅದೇ ಪಾಠ. ನಾನು ಸಾಕು ಬಿಡಿ ಎಂದೆ.

"ಅನ್‌ಲಿಮಿಟೆಡ್ ಫೋನ್ ಅಂತ ಅವರ ಹೇಳ್ಯಾರ. ಈಗ ಅನುಭವಿಸಲಿ," ಎಂದು ಮತ್ತೆ ನಂಬರ್ ಒತ್ತಿದರು.

ವಾರಗಟ್ಟಲೆ ಕಾಡಿದ ಮೇಲೆ ಜೋಲಿಯೆಟ್‌ನ ಒಬ್ಬ ವಕೀಲೆ ಸಿಕ್ಕರು. ತಾನೇನು ಬರೆದುಕೊಡುತ್ತಿದ್ದೇನೆಂದು ಹುಡುಗಿಗೆ ತಿಳಿದರೆ ಅವಳೇ ತಾಯಿಗೆ ಪವರ್ ಆಫ್ ಅಟಾರ್ನಿ, ಅಂದರೆ ತನ್ನ ಪರ ವ್ಯವಹರಿಸುವ ಅಧಿಕಾರ ಪತ್ರ, ಕೊಡಬಹುದು, ಗಾರ್ಡಿಯನ್ ಬೇಕಿಲ್ಲ ಎಂದರು. ಆದರೆ ಅವರ ಆಫೀಸಿಗೆ ಹೋದ ದಿನ, ಮಗಳೊಂದಿಗೆ ತಾವೊಬ್ಬರೇ ಮಾತಾಡಬೇಕು ಎಂದು ಅಕ್ಕನನ್ನೇ ಹೊರಗೆ ಕಳಿಸಿದರು. ಎಲ್ಲರನ್ನೂ ಎದುರಿಸುತ್ತಿದ್ದ ಹೆಂಗಸು ಹೊರಗಿನ ಕುರ್ಚಿಯಲ್ಲಿ, ಜೊತೆಗೆ ಹೋಗಿದ್ದ ನನ್ನ ಕೈ ಹಿಡಿದು ಕುಳಿತಿದ್ದರು.

ಬಾಗಿಲು ತೆರೆದು ಮಗಳು ತಲೆ ಹಾಕಿದಳು. "ಆಂಟೀ, ಅಮ್ಮ ಇಲ್ದಿದ್ರೆ ಯಾರು ಹೆಲ್ಪ್ ಮಾಡ್ಬೇಕು ಅಂತ ಕೇಳಿದ್ರು. ನಿಮ್ಮ ಹೆಸರು ಹೇಳ್ದೆ. ಓಕೆ?"

ನಾನು ಆಗಲಿ ಎಂದು ತಲೆಯಾಡಿಸಿದೆ. ಪತ್ರದಲ್ಲಿ ಅಮ್ಮನ ನಂತರ ನನ್ನ ಹೆಸರು ಸೇರಿತು. ಒಂದೊಂದೇ ಅಕ್ಷರ ತಿದ್ದಿ ಅವಳು ಸಹಿ ಹಾಕುವವರೆಗೂ ಯಾರೂ ಅವಸರ ಮಾಡಲಿಲ್ಲ.

"ಪ್ಲಾನ್ ತೊಗೊಂಡಿದ್ದು ಸಾರ್ಥಕ ಆಯ್ತಲ್ಲ ಅಕ್ಕಾ," ಎಂದೆ ದಾರಿಯಲ್ಲಿ.

"ಅವರ ಜೀವಾ ತಿಂದೆ, ಅದಕ್ಕ ಆತು. ಸುಮ್ಮ ಕೂಡೋರಿಗೆ ಇದು ದಂಡ." ಮರುವರ್ಷ ಪ್ಲಾನನ್ನು ಬಿಟ್ಟೇಬಿಟ್ಟರು. ಕೆಲಸ ಮುಗಿದಿತ್ತು.

ಕೆಲವು ವರ್ಷಗಳ ನಂತರ ಒಂದು ಚಳಿಗಾಲ ಅಕ್ಕನಿಗೆ ಸ್ಟ್ರೋಕ್ ಆಯಿತು. ಮತ್ತೆ ಏಳಲಿಲ್ಲ. ಅಂತ್ಯಕ್ರಿಯೆ ಮುಗಿಸಿ ಮನೆಗೆ ಬಂದೆವು. ಮಗಳು ಅಷ್ಟರಲ್ಲಿ ಹತ್ತಿರದ ಗ್ರೋಸರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಮೈದುನ ಅವಳ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬತೊಡಗಿದರು. "ಇನ್ನ ಟ್ರಾಯ್‌ದಾಗ ನಮ್ಮ ಕಡೆ ಇರ್ತಾಳ. ಪಾಪ, ಆಕಿಗೇನ್ ತಿಳೀತದ?"

ಅತ್ತು ಕೆಂಪಾಗಿದ್ದ ಮುಖವೆತ್ತಿ ಹುಡುಗಿ ಎದ್ದು ನಿಂತಳು. "ನೋ, ಕಾಕಾ. ನಾ ಬರಲ್ಲ. ಮೈ ಜಾಬ್ ಈಸ್ ಹಿಯರ್."

"ನೀವರ ಹೇಳ್ರಿ ಆಕಿಗೆ," ಎಂದು ಅವರು ನನ್ನತ್ತ ತಿರುಗಿದರು.

"ನನ್ನನ್ನ ಯಾಕೆ ಕೇಳ್ತೀರಿ? ಅವಳೇ ಹೇಳಿದಳಲ್ಲ," ಎಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಹೊರಟಿದ್ದು ನನಗೇ ಆಶ್ಚರ್ಯ. ಅವರು ಸೂಟ್‌ಕೇಸನ್ನು ಅಲ್ಲೇ ಬಿಟ್ಟರು. ಸಂಜೆ ಒಬ್ಬರೇ ಟ್ರಾಯ್‌ಗೆ ಹೊರಟರು.

ಅವಳು ಈಗಲೂ ಅದೇ ಮನೆಯಲ್ಲಿದ್ದಾಳೆ. ದಿನಾ ಒಬ್ಬ ಸಹಾಯಕಿ ಬಂದು ಹೋಗುತ್ತಾಳೆ. ಡಾಕ್ಟರ ಬಳಿಗೆ ನಾನು ಕರೆದೊಯ್ಯುತ್ತೇನೆ. ಅವರು ಅವಳನ್ನು ಬಿಟ್ಟು ನನ್ನನ್ನೇ ನೋಡಿ ಮಾತಾಡಿದರೆ, ಕುರ್ಚಿಯನ್ನು ಹಿಂದಕ್ಕೆಳೆದುಕೊಂಡು ತುಟಿ ಬಿಗಿದು ಕೂರುತ್ತೇನೆ, ಅವರು ಅವಳ ಕಡೆ ತಿರುಗುವವರೆಗೂ. ಹಾಗೆ ಕೂರುವ ಧೈರ್ಯ ನನ್ನದಲ್ಲ, ಅಕ್ಕ ಕೊಟ್ಟದ್ದು.